ಆಹವಮಲ್ಲನ ಮಕ್ಕಳು ಮತ್ತು ನನ್ನ ಲ್ಯಾಪ್‌ಟಾಪು

ಕಳೆದ ಎರಡು ತಿಂಗಳಿಂದ, ರಾತ್ರಿ ಊಟ ಆದಮೇಲೆ, ನಾನು ಕಲ್ಯಾಣದ ಚಾಲುಕ್ಯ ದೊರೆ. ಮನೆಯಲ್ಲಿ ಯಾರೂ ಇದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ :-)

ಆಟದ ಹೆಸರು ಕ್ರುಸೇಡರ್ ಕಿಂಗ್ಸ್ 3. ಸ್ವೀಡನ್ನಿನ ಪ್ಯಾರಡಾಕ್ಸ್‌ನವರು 2020ರಲ್ಲಿ ಬಿಟ್ಟದ್ದು. ಹೆಸರು ಕೇಳಿದರೆ ಯುರೋಪಿನ ಧರ್ಮಯುದ್ಧದ ಆಟ ಅನ್ನಿಸುತ್ತೆ. ಆದರೆ ನಕ್ಷೆಯಲ್ಲಿ ನಮ್ಮ ಕಡೆಯೂ ಇದೆ. 867ರಿಂದ ಶುರು ಮಾಡಿದರೆ ಅಮೋಘವರ್ಷ ನೃಪತುಂಗನ ಕಾಲ. 1066ರಿಂದ ಮಾಡಿದರೆ ಕಲ್ಯಾಣದಲ್ಲಿ ಒಂದನೇ ಸೋಮೇಶ್ವರ, ಬಿರುದು ಆಹವಮಲ್ಲ. ನಾನು ಹಿಡಿದದ್ದು ಇವನನ್ನು.

ಇದರಲ್ಲಿ ಢಂ ಢಂ ಅಂತ ಗುಂಡು ಹಾರಿಸುವುದೇನೂ ಇಲ್ಲ. ನೀವು ಒಂದು ರಾಜ್ಯ ಅಲ್ಲ, ಒಬ್ಬ ಮನುಷ್ಯ. ಹೆಂಡತಿ, ಮಕ್ಕಳು, ಮುನಿಸಿಕೊಂಡ ಸಾಮಂತರು, ಕಾಯಿಲೆ, ಸಾಲ. ಸತ್ತರೆ ಆಟ ಮುಗಿಯುವುದಿಲ್ಲ, ನಿಮ್ಮ ವಾರಸುದಾರ ಯಾರೋ ಅವನೇ ನೀವಾಗುತ್ತೀರಿ. ಹಾಗಾಗಿ ಇಡೀ ಆಟದ ತಲೆನೋವು ಒಂದೇ: ನನ್ನ ನಂತರ ಯಾರು?

ಕಲ್ಯಾಣದ ತಲೆನೋವೂ ಅದೇ ಆಗಿತ್ತು ನೋಡಿ. ನಿಜವಾದ ಸೋಮೇಶ್ವರ 1068ರಲ್ಲಿ, ವಾಸಿಯಾಗದ ಜ್ವರ ಬಂದು, ಕುರುವತ್ತಿಯ ಹತ್ತಿರ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ಎರಡನೆಯವನು ವಿಕ್ರಮಾದಿತ್ಯ. ಎಂಟು ವರ್ಷ ಕಳೆದು 1076ರಲ್ಲಿ ತಮ್ಮ ಅಣ್ಣನನ್ನು ಸೆರೆಗೆ ಹಾಕಿ ತಾನು ಕೂತ. 1126ರವರೆಗೆ, ಐವತ್ತು ವರ್ಷ ಆಳಿದ. ತನ್ನ ಹೆಸರಲ್ಲೇ ಹೊಸ ಶಕೆ ಶುರು ಮಾಡಿದ. ನಾವು ಶಾಲೆಯಲ್ಲಿ ಓದಿದ ಆರನೇ ವಿಕ್ರಮಾದಿತ್ಯ ಇವನೇ.

ಅಣ್ಣನ ಬಗ್ಗೆ ಶಾಲೆಯಲ್ಲಿ ಏನು ಓದಿದ್ದೀರಿ, ನೆನಪಿಸಿಕೊಳ್ಳಿ. ಏನೂ ಇಲ್ಲ ಅಲ್ವಾ? ಇದ್ದರೂ 'ದುರ್ಬಲ', 'ದುರಾಡಳಿತ' ಅಂತ ಒಂದು ಸಾಲು. ಆ ಸಾಲು ಎಲ್ಲಿಂದ ಬಂತು ಅಂದರೆ ಬಹುಪಾಲು ಬಿಲ್ಹಣನಿಂದ. ಕಾಶ್ಮೀರದಿಂದ ಹೊರಟು ಊರೂರು ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದು ಸೇರಿದ ಕವಿ. 'ವಿಕ್ರಮಾಂಕದೇವಚರಿತ' ಬರೆದ. ಇದರ ಹಸ್ತಪ್ರತಿ 1874ರಲ್ಲಿ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸರಿಗೆ ಸಿಕ್ಕಿತು, ಮರುವರ್ಷ ಅಚ್ಚಾಯಿತು.

ಬಿಲ್ಹಣನ ಪ್ರಕಾರ ಅಪ್ಪ ಪಟ್ಟ ಕೊಡಲು ಬಯಸಿದ್ದು ವಿಕ್ರಮನಿಗೇ. ಅವನೇ "ಅಣ್ಣ ಇರುವಾಗ ನನಗೆ ಬೇಡ" ಎಂದನಂತೆ. ಆಮೇಲೆ ಅಣ್ಣ ಕೆಟ್ಟ. ತಮ್ಮ ಬೇಸರದಿಂದ ದೂರ ಹೋದ. ಕೊನೆಗೆ ಅಣ್ಣನೇ ಯುದ್ಧಕ್ಕೆ ಬಂದಾಗಲೂ ತಮ್ಮನಿಗೆ ಮನಸ್ಸಿಲ್ಲ. ಕನಸಿನಲ್ಲಿ ಶಿವ ಬಂದು ಹೇಳಬೇಕಾಯಿತು. ಗೆದ್ದ ಮೇಲೂ ಅಣ್ಣನನ್ನು ಬಿಟ್ಟುಬಿಡೋಣ ಅಂದುಕೊಂಡರೆ ಮತ್ತೆ ಶಿವನೇ ಸಿಟ್ಟಾದನಂತೆ! ಸಂಬಳ ಕೊಡುವ ದೊರೆಯ ಮೇಲೆ ಬರೆಯುವಾಗ ಶಿವನಿಗೆ ಎಷ್ಟು ಕೆಲಸ ನೋಡಿ.

ಚೋಳರ ಶಾಸನ ನೋಡಿದರೆ ಕಥೆಯೇ ಬೇರೆ. ವೀರರಾಜೇಂದ್ರ ಹೇಳಿಕೊಳ್ಳುವುದು: ಸೋಮೇಶ್ವರನನ್ನು ಕನ್ನಡ ನಾಡು ಬಿಡಿಸಿದೆ, ವಿಕ್ರಮಾದಿತ್ಯನಿಗೆ ಕಂಠಿಕೆ ಕಟ್ಟಿದೆ, ರಟ್ಟಪಾಡಿ ಏಳೂವರೆ ಲಕ್ಷವನ್ನು ಅವನಿಗೆ ಕೊಟ್ಟೆ ಅಂತ. ಅಂದರೆ ತಂದೆಯ ಜೊತೆ ಜೀವಮಾನವಿಡೀ ಕಾದಾಡಿದ ಶತ್ರುವಿನಿಂದಲೇ ಮಗ ಯುವರಾಜನ ಕಂಠಿಕೆ ಕಟ್ಟಿಸಿಕೊಂಡ. ಚೋಳರ ಮಗಳನ್ನೂ ಮದುವೆಯಾದ. ಚೋಳ ಶಾಸನಗಳಲ್ಲೂ ಬಡಾಯಿಗೆ ಕಮ್ಮಿ ಇಲ್ಲ, ಪೂರ್ತಿ ನಂಬಬೇಕಿಲ್ಲ. ಆದರೆ "ನನಗೆ ಬೇಡ" ಎಂದ ತಮ್ಮನ ಚಿತ್ರಕ್ಕೆ ಇದು ಹೊಂದುವುದಿಲ್ಲ.

ಆಟ ನನಗೆ ಹಿಡಿಸಿದ್ದು ಇಲ್ಲೇ. ನನ್ನ ಆಹವಮಲ್ಲ 1074ರವರೆಗೆ ಬದುಕಿ ಹಾಸಿಗೆಯಲ್ಲಿ ಸತ್ತ. ಮರುಕ್ಷಣ ನಾನು ಹಿರಿಮಗ. ಬಿಲ್ಹಣ ಎಂದೂ ಕೂರದ ಜಾಗದಲ್ಲಿ ಕೂತಿದ್ದೇನೆ! ಅಲ್ಲಿಂದ ನೋಡಿದರೆ ತಮ್ಮನ ಹತ್ತಿರ ನನಗಿಂತ ದೊಡ್ಡ ಸೈನ್ಯ, ಸಾಮಂತರಿಗೆ ಅವನೇ ಇಷ್ಟ. ಅವನು ಏನೂ ಮಾಡದಿದ್ದರೂ ನನಗೆ ನಿದ್ದೆ ಇಲ್ಲ. ಪಕ್ಕದ ರಾಜನೊಡನೆ ಒಪ್ಪಂದ ಮಾಡಿಕೊಂಡೆ. ನಿಜವಾದ ಸೋಮೇಶ್ವರನೂ ಇದನ್ನೇ ಮಾಡಿದ್ದು: ವೀರರಾಜೇಂದ್ರನ ವಂಶ ಉರುಳಿ ಚೋಳರ ಪಟ್ಟಕ್ಕೆ ಬಂದ ಕುಲೋತ್ತುಂಗನ ಜೊತೆ ಸೇರಿಕೊಂಡ. ಬಿಲ್ಹಣನಿಗೆ ಅದು ಕುಲದ್ರೋಹ. ತಮ್ಮ ಚೋಳರ ಅಳಿಯನಾದದ್ದು ಮಾತ್ರ ಶುಭವಿವಾಹ.

ಹಾಗಂತ ಆಟದವರು ಚಾಲುಕ್ಯರನ್ನು ಸರಿಯಾಗಿ ಮಾಡಿದ್ದಾರೆ ಅಂತಲ್ಲ. ಇದರಲ್ಲಿ ರಾಜ ಸತ್ತರೆ ರಾಜ್ಯ ಮಕ್ಕಳಲ್ಲಿ ಹೋಳಾಗುತ್ತೆ. ಎಲ್ಲವೂ ಹಿರಿಯನಿಗೇ ಎಂಬ ಕಾನೂನಿಗೆ ಬಹುಕಾಲ ಕಾಯಬೇಕು. ಯುರೋಪಿನ ಫ್ರಾಂಕರಿಗೆ ಹೊಲಿದ ಅಂಗಿ ಇದು. ನಮ್ಮಲ್ಲಿ ರಾಜಕುಮಾರರಿಗೆ ಆಳಲು ನಾಡು ಕೊಡುತ್ತಿದ್ದರು, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಹನ್ನೆರಡು ಸಾಸಿರ ಹೀಗೆ. ಪಟ್ಟ ಒಂದೇ.

ಇದೇ ಕಂಪನಿಯ ಯುರೋಪಾ ಯೂನಿವರ್ಸಾಲಿಸ್ 4 ಕೂಡ ಒಂದು ವಾರ ಆಡಿದೆ. ಅದು 1444ರ ನವೆಂಬರ್ 11ರಂದು ಶುರು, ವಿಜಯನಗರದಲ್ಲಿ ಇಮ್ಮಡಿ ದೇವರಾಯ. ಒಳ್ಳೆ ಆಟವೇ, ಆದರೆ ಅದರ ವ್ಯಾಪಾರದ ಸರಕುಗಳಲ್ಲಿ ಕುದುರೆಯೇ ಇಲ್ಲ! ರಾಯರು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರು ಎಂದು ಪೋರ್ಚುಗೀಸಿನ ನೂನಿಜ್ ಬರೆದಿದ್ದಾನೆ. ಭಟ್ಕಳ, ಹೊನ್ನಾವರಕ್ಕೆ ಕುದುರೆ ಬರದ ವಿಜಯನಗರ ನನಗೆ ಬೇಡ ಅನ್ನಿಸಿ ಕಲ್ಯಾಣಕ್ಕೇ ವಾಪಸು ಬಂದೆ.

ವಾಪಸು ಬಂದರೆ ಮತ್ತೆ ಪಾಲಿನ ಪ್ರಶ್ನೆ. ವಿಚಿತ್ರ ಏನಂದರೆ, ಅಣ್ಣನನ್ನು ಸೆರೆಗೆ ಹಾಕಿ ಬಂದ ಇದೇ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲೇ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದದ್ದು. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಟೀಕೆ. ಕಲಬುರಗಿ ಹತ್ತಿರದ ಮರತೂರಿನವನು ಅಂತ ಹೇಳುತ್ತಾರೆ. ಅಜ್ಜನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಅಪ್ಪ ಸಾಯುವತನಕ ಕಾಯಬೇಕಿಲ್ಲ ಅನ್ನುತ್ತೆ ಅದು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಇಂಗ್ಲಿಷ್ ಅನುವಾದ ತಂದ ಮೇಲೆ ಬ್ರಿಟಿಷರ ಕೋರ್ಟುಗಳಲ್ಲಿ, ಬಂಗಾಳದ ಕಡೆ ಬಿಟ್ಟರೆ ಹೆಚ್ಚುಕಮ್ಮಿ ದೇಶದ ತುಂಬ ಅದೇ ಆಧಾರ.

ನಮ್ಮೂರು ಗದಗಿನ ಕಡೆ, ಎರೆಹೊಲ. ಅಂದರೆ ಹಳೆಯ ಬೆಳ್ವೊಲ, ಇಮ್ಮಡಿ ಸೋಮೇಶ್ವರ ಯುವರಾಜನಾಗಿ ಆಳಿದ ನಾಡು. 1988ರಲ್ಲಿ ನಮ್ಮ ಮನೆಯ ವಾಟ್ನಿ ಆಯಿತು. ಪತ್ರದಲ್ಲಿ ಅಜ್ಜ, ದೊಡ್ಡಪ್ಪ, ಅಪ್ಪ, ಕಾಕಾ ಇದ್ದಾರೆ. ಇಬ್ಬರು ಅತ್ತೆಯರ ಹೆಸರು ಎಲ್ಲೂ ಇಲ್ಲ. ಅವರ ಮದುವೆ ಆಗಲೇ ಆಗಿತ್ತು. ವಿಜ್ಞಾನೇಶ್ವರನಾದರೂ ಮದುವೆಯಾಗದ ಮಗಳಿಗೆ ಗಂಡುಮಗನ ಪಾಲಿನ ಕಾಲುಭಾಗ ಅಂದಿದ್ದ, ಸ್ತ್ರೀಧನದ ಅರ್ಥವನ್ನೂ ಹಿಗ್ಗಿಸಿದ್ದ. ವಾಟ್ನಿ ಬರೆಯುವವರ ಕೈಗೆ ಬರುವಷ್ಟರಲ್ಲಿ ಅದೆಲ್ಲ ಸವೆದುಹೋಗಿತ್ತು.

ಕಳೆದ ವಾರ ದೊಡ್ಡತ್ತೆ ನಮ್ಮಲ್ಲಿ ಬಂದಿದ್ದರು. ನಾನು ವಂಶವೃಕ್ಷ ತೆಗೆದು ಕೂತದ್ದು ನೋಡಿ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದರು.

"ಇದ್ರಾಗ ಹೆಣ್ಣುಮಕ್ಕಳಿಗೆ ಏನ್ ಬರ್ತೈತೋ?"

"ಗಂಡುಮಕ್ಕಳಿದ್ರ ಏನೂ ಇಲ್ಲ ಅತ್ತಿ."

"ಹಂಗಂದ್ರ ಖರೇನ ಬರೆದಾರ ಬಿಡು," ಅಂದರು.

ನಾನು ಅವರಿಗೆ ಅಕ್ಕಾದೇವಿಯ ಕಥೆ ಹೇಳಿದೆ. ಆಹವಮಲ್ಲನ ಸೋದರತ್ತೆ. ಕಿಸುಕಾಡು ನಾಡನ್ನು ಹಲವು ದಶಕ ಆಳಿದವಳು, 1047ರ ಸುಮಾರಿಗೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದವಳು. ಶಾಸನದಲ್ಲಿದೆ. ಅತ್ತೆ ಎಲ್ಲ ಕೇಳಿ, ಆಕೆಗೆ ನಾಡು ಕೊಟ್ಟದ್ದು ಯಾರು ಅಂತ ಕೇಳಿದರು. ತಮ್ಮಂದಿರ ವಾಟ್ನಿ ನೋಡಿದವರ ಪ್ರಶ್ನೆ ಅದು.

ಕರ್ನಾಟಕದಲ್ಲಿ 1994ರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆಯ ಷರತ್ತು ಹೋಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಬೇಕೆಂದೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಜ್ಞಾನೇಶ್ವರನ ಮಾತನ್ನೇ ಮಗಳಿಗೂ ಹಚ್ಚಿದ ಹಾಗಾಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿಯನ್ನು ಈ ಕಾನೂನು ಮುಟ್ಟುವುದಿಲ್ಲ. ನಮ್ಮದು 1988ರದ್ದು, ನೋಂದಣಿಯಾದದ್ದು. ಅತ್ತೆಗೆ ಈ ತಾರೀಖು ನನಗಿಂತ ಮೊದಲೇ ಬಾಯಿಪಾಠ ಇತ್ತು.