ಪೆಟ್ರೋಲ್ ಬಂಕ್ ತಪಾಸಣೆ: ಯಾರಿಗೆ ಯಾವ ಅಧಿಕಾರ?

ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಆಡಳಿತ ನಿರ್ವಹಣೆ ಓದಿ ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ವಿರುದ್ಧ ಕ್ರಮ ಕೈಗೊಂಡ ಅವರನ್ನು 2005ರ ನವೆಂಬರ್ 19ರಂದು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರ ವಯಸ್ಸು 27. ಮುಖ್ಯ ಆರೋಪಿಗೆ ವಿಚಾರಣಾ ನ್ಯಾಯಾಲಯ ವಿಧಿಸಿದ್ದ ಮರಣದಂಡನೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅಂದು ಕಲಬೆರಕೆಯ ಮೂಲ ಪಡಿತರ ಸೀಮೆಎಣ್ಣೆಯಾಗಿತ್ತು. ಸಬ್ಸಿಡಿಯ ಸೀಮೆಎಣ್ಣೆಗೂ ಡೀಸೆಲ್‌ಗೂ ಇದ್ದ ಬೆಲೆಯ ಅಂತರವೇ ದಂಧೆಯ ಲಾಭ. ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿದರೂ ಅದು ನಿಲ್ಲಲಿಲ್ಲ. 2006ರಲ್ಲಿ ರಾಸಾಯನಿಕ ಗುರುತುಕಾರಕವನ್ನು ಜಾರಿಗೆ ತಂದ ಸರ್ಕಾರ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು.

ಬಂಕ್ ಒಂದೇ ಆದರೂ ಅದರ ಮೇಲ್ವಿಚಾರಣೆ ಹಲವರದು. ನೆಲದಡಿಯ ಟ್ಯಾಂಕ್ ಹಾಗೂ ದಾಸ್ತಾನಿನ ಪರವಾನಗಿ ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಗೆ ಸೇರಿದ್ದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲ್‌ಗೆ ಮಾತ್ರ ಪರವಾನಗಿ ಬೇಡ. ಅಳತೆಯ ಹೊಣೆ ಕಾನೂನು ಮಾಪನಶಾಸ್ತ್ರ ಇಲಾಖೆಯದು.

ಗುಣಮಟ್ಟದ ವಿಷಯ ಬಂದಾಗ ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ 2005ರ ನಿಯಂತ್ರಣ ಆದೇಶ ಅನ್ವಯವಾಗುತ್ತದೆ. ಅಧಿಕಾರ ಪಡೆದ ಗೆಜೆಟೆಡ್ ಅಧಿಕಾರಿ, ಡಿವೈಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಮತ್ತು ತೈಲ ಕಂಪೆನಿಯ ಮಾರಾಟ ಅಧಿಕಾರಿ ತಪಾಸಣೆ ನಡೆಸಬಹುದು. ಪೆಟ್ರೋಲ್ ಆದರೆ ತಲಾ ಒಂದು ಲೀಟರಿನ ಆರು ಮಾದರಿಗಳನ್ನು ತೆಗೆದು, ಸಹಿ ಹಾಕಿ, ಮೊಹರು ಮಾಡಬೇಕು. ಎರಡು ಬಂಕ್ ಮಾಲೀಕರ ಬಳಿ, ಎರಡು ಕಂಪೆನಿ ಅಥವಾ ಇಲಾಖೆಯ ಬಳಿ ಉಳಿಯುತ್ತವೆ. ಎರಡು ಪ್ರಯೋಗಾಲಯಕ್ಕೆ ಹೋಗುತ್ತವೆ. ಮಾದರಿ ಬದಲಾಯಿತೆಂಬ ತಕರಾರು ಎದ್ದರೆ ಉಳಿದ ಬಾಟಲಿಗಳೇ ಆಧಾರ. ಮೊಹರಿನಲ್ಲಿ ಲೋಪವಿದ್ದರೆ ಪ್ರಕರಣವೇ ದುರ್ಬಲಗೊಳ್ಳುತ್ತದೆ.

ಗ್ರಾಹಕರೂ ಪರೀಕ್ಷೆ ಕೇಳಬಹುದು. ಹಲವರಿಗೆ ಇದು ತಿಳಿದಿಲ್ಲ, ತಿಳಿದವರು ಹಿಂದಿನ ವಾಹನದ ಹಾರ್ನ್‌ಗೆ ಅಂಜಿ ಸುಮ್ಮನಾಗುತ್ತಾರೆ. ಶೋಧಕ ಕಾಗದದ ಮೇಲೆ ಬಿದ್ದ ಪೆಟ್ರೋಲ್ ಹನಿ ಕಲೆ ಉಳಿಸದೆ ಆರಬೇಕು. ಸಾಂದ್ರತೆಯು ಟ್ಯಾಂಕರ್ ಚಲನ್‌ನಲ್ಲಿ ನಮೂದಾದ ಅಂಕಿಗಿಂತ ಘನಮೀಟರಿಗೆ 3 ಕಿಲೋಗ್ರಾಂಗೂ ಹೆಚ್ಚು ವ್ಯತ್ಯಾಸವಾಗಕೂಡದು. ಮುದ್ರೆಯೊತ್ತಿದ ಐದು ಲೀಟರ್ ಮಾಪಕಕ್ಕೆ ಹಾಕಿಸಿ ನೋಡಿದಾಗ 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಕಂಡರೆ ಅದು ದೋಷ.

ಆದರೆ 2017ರ ಏಪ್ರಿಲ್‌ನಲ್ಲಿ ಲಖನೌ ಬಂಕ್‌ಗಳ ಮೇಲೆ ವಿಶೇಷ ಕಾರ್ಯಪಡೆ ದಾಳಿ ನಡೆಸಿದಾಗ ಯಂತ್ರಗಳೊಳಗೆ ಚಿಪ್‌ಗಳು ಸಿಕ್ಕವು. ಅವುಗಳ ನಿಯಂತ್ರಣ ರಿಮೋಟ್‌ನಲ್ಲಿತ್ತು. ಮಾಪಕ ತಂದಾಗ ಚಿಪ್ ನಿಲ್ಲಿಸಿದರೆ ಅಳತೆ ಸರಿಯಾಗಿಯೇ ಬರುತ್ತದೆ. ಅಂತಹ ಮೋಸ ಬಯಲಾಗಬೇಕಾದರೆ ಯಂತ್ರವನ್ನು ಬಿಚ್ಚಿಯೇ ನೋಡಬೇಕು.