ಕನ್ನಡ ಮಾತಾಡಿದ ಸಂಸದನ ಟಿಕೆಟ್ ಯಾಕೆ ತಪ್ಪಿತು?

2025ರ ಜನವರಿಯಲ್ಲಿ ಒಂದು ವಿಡಿಯೋ ನಿಮ್ಮಲ್ಲಿ ಬಹಳಷ್ಟು ಜನರ ಮೊಬೈಲಿಗೆ ಬಂದಿರುತ್ತೆ. ಕೆನಡಾದ ಸಂಸತ್ತಿನಲ್ಲಿ ಒಬ್ಬರು ಎದ್ದು ನಿಂತು ಕನ್ನಡದಲ್ಲಿ ಮಾತಾಡ್ತಾರೆ. ಕೊನೆಗೆ ಕುವೆಂಪು ಬರೆದ, ಡಾ. ರಾಜ್‌ಕುಮಾರ್ ಹಾಡಿದ ಸಾಲುಗಳನ್ನ ಹೇಳಿ ಕೂತ್ಕೊಳ್ತಾರೆ. 'ಕನ್ನಡಿಗ ಕೆನಡಾ ಪ್ರಧಾನಿ ಆಗ್ತಾರಂತೆ, ನಾಮಪತ್ರ ಸಲ್ಲಿಸಿ ಕನ್ನಡದಲ್ಲೇ ಭಾಷಣ ಮಾಡಿದ್ರಂತೆ' ಅಂತ ಕೆಳಗೊಂದು ಒಕ್ಕಣೆ. ಇಂಡಿಯ ಬಸ್ ಸ್ಟ್ಯಾಂಡಿನಿಂದ ಸಿಂದಗಿಯ ಕಟಿಂಗ್ ಶಾಪಿನವರೆಗೂ ಓಡಾಡಿದ ಸುದ್ದಿ ಅದು.

ವಿಡಿಯೋ ನಿಜ. ಒಕ್ಕಣೆ ಸುಳ್ಳು. ಆ ಮಾತು ಆಡಿದ್ದು 2022ರ ಮೇ 19ರಂದು. ಅಲ್ಲಿ ಸದಸ್ಯರಿಗೆ ತಮ್ಮಿಷ್ಟದ ವಿಷಯದ ಬಗ್ಗೆ ಒಂದು ನಿಮಿಷ ಹೇಳಿಕೆ ಕೊಡೋ ಅವಕಾಶ ಇದೆ. ಆ ಒಂದು ನಿಮಿಷವನ್ನ ಅವರು ಕನ್ನಡಕ್ಕೆ ಕೊಟ್ಟಿದ್ದರು. ತುಮಕೂರು ಜಿಲ್ಲೆ ಶಿರಾ ತಾಲೂಕಿನ ದ್ವಾರಾಳು ಗ್ರಾಮದವನು ನಾನು, ಭಾರತದ ಹೊರಗಿನ ಸಂಸತ್ತಿನಲ್ಲಿ ಕನ್ನಡ ಮಾತಾಡ್ತಿರೋದು ಇದೇ ಮೊದಲು ಅಂತ ಹೇಳಿದ್ದರು. ಇನ್ನು ಪ್ರಧಾನಿ ಹುದ್ದೆಗೆ ಸದನದಲ್ಲಿ ನಾಮಪತ್ರ ಸಲ್ಲಿಸೋ ಪದ್ಧತಿ ಕೆನಡಾದಲ್ಲಿಲ್ಲ. ಗೆದ್ದ ಪಕ್ಷದ ನಾಯಕ ಪ್ರಧಾನಿ ಆಗ್ತಾನೆ, ಅಷ್ಟೆ.

ಇವರ ಹೆಸರು ಚಂದ್ರ ಆರ್ಯ. ನಾವು ಚಪ್ಪಾಳೆ ತಟ್ಟಿ ಮುಂದಿನ ವಿಡಿಯೋಗೆ ಹೋದ್ವಿ. ಅಸಲಿ ಕಥೆ ನಡೆದಿದ್ದು ಆಮೇಲೆ, ಅದನ್ನ ನೋಡೋಕೆ ನಮ್ಮಲ್ಲಿ ಹೆಚ್ಚಿನವರು ನಿಲ್ಲಲಿಲ್ಲ.

ಆರ್ಯ ಎಂಬಿಎ ಓದಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಒಂದು ಕಾಲಕ್ಕೆ ನಮ್ಮ ವಿಜಯಪುರ ಜಿಲ್ಲೆಯ ಹುಡುಗರೆಲ್ಲ ಡಿಗ್ರಿ ಸರ್ಟಿಫಿಕೇಟಿಗಾಗಿ ಎಡತಾಕ್ತಿದ್ದ ವಿಶ್ವವಿದ್ಯಾಲಯ ಅದು. ನಂತರ ಕತಾರ್, ಅಲ್ಲಿಂದ 2006ರಲ್ಲಿ ಕೆನಡಾ. ಒಂಬತ್ತೇ ವರ್ಷಕ್ಕೆ, 2015ರ ಅಕ್ಟೋಬರ್ 19ರ ಚುನಾವಣೆಯಲ್ಲಿ, ರಾಜಧಾನಿ ಒಟ್ಟಾವಾದ ನೇಪಿಯನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸಂಸದ. 2019ರಲ್ಲಿ ಮತ್ತೆ ಗೆದ್ದರು, 2021ರಲ್ಲಿ ಮತ್ತೆ. ವಲಸೆ ಬಂದವನು ಸಂಸದನಾಗೋದು ಕೆನಡಾದಲ್ಲಿ ದೊಡ್ಡ ಸುದ್ದಿಯೇನಲ್ಲ. ಅಲ್ಲಿ ಪಂಜಾಬಿ ಮೂಲದ ಸಂಸದರೇ ಹತ್ತಾರು ಮಂದಿ ಇದ್ದಾರೆ.

ಸುದ್ದಿಯಾಗಿದ್ದು ಆರ್ಯ ಅಲ್ಲಿನ ಹಿಂದೂಗಳ ದನಿ ತಾನು ಅಂತ ಬಹಿರಂಗವಾಗಿ ನಿಂತಾಗ. ನವೆಂಬರ್ ತಿಂಗಳನ್ನ ಹಿಂದೂ ಪರಂಪರೆಯ ತಿಂಗಳು ಅಂತ ಆಚರಿಸಬೇಕು ಅನ್ನೋ ಅವರ ನಿರ್ಣಯವನ್ನ 2022ರಲ್ಲಿ ಸದನ ಒಪ್ಪಿತು. ಸಂಸತ್ತಿನ ಆವರಣದಲ್ಲಿ ಓಂ ಇರುವ ಬಾವುಟ ಏರಿಸಿದರು. ಹಿಂದೂಗಳ ಸ್ವಸ್ತಿಕವನ್ನ ಹಿಟ್ಲರ್‌ನ ಚಿಹ್ನೆಯ ಜೊತೆ ಸೇರಿಸಬೇಡಿ ಅಂತ ಸದನದಲ್ಲೇ ಮನವಿ ಮಾಡಿದರು. ಇಲ್ಲೀವರೆಗೂ ಪಕ್ಷಕ್ಕೆ ಅವರಿಂದ ತಲೆನೋವಿರಲಿಲ್ಲ.

2023ರ ಜೂನ್ 18ರಂದು ಸರ್ರೆ ನಗರದ ಗುರುದ್ವಾರದ ಹೊರಗೆ ಖಲಿಸ್ತಾನಿ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಯಾಯ್ತು. ಮೂರು ತಿಂಗಳಾದ ಮೇಲೆ, ಸೆಪ್ಟೆಂಬರ್ 18ರಂದು, ಪ್ರಧಾನಿ ಜಸ್ಟಿನ್ ಟ್ರುಡೋ ಸಂಸತ್ತಿನಲ್ಲಿ ಎದ್ದು ನಿಂತು ಇದರ ಹಿಂದೆ ಭಾರತ ಸರ್ಕಾರದ ಏಜೆಂಟರ ಕೈವಾಡದ ಆರೋಪ ಇದೆ ಅಂದರು. ಭಾರತ ಅಸಂಬದ್ಧ ಅಂತ ತಳ್ಳಿಹಾಕಿತು. ಅದರ ಬೆನ್ನಿಗೇ ಗುರಪತ್ವಂತ್ ಸಿಂಗ್ ಪನ್ನುನ್ ಅನ್ನೋ ಖಲಿಸ್ತಾನಿ, ಹಿಂದೂಗಳೇ ಕೆನಡಾ ಬಿಟ್ಟು ಹೋಗಿ ಅಂತ ವಿಡಿಯೋ ಬಿಟ್ಟ. ಆಗ ಆಳುವ ಪಕ್ಷದೊಳಗಿಂದ, ಹೆದರಬೇಡಿ, ಶಾಂತಿ ಕಾಪಾಡಿ, ಆದರೆ ಎಚ್ಚರದಿಂದಿರಿ ಅಂತ ಗಟ್ಟಿಯಾಗಿ ಹೇಳಿದ್ದು ಆರ್ಯ. ಮುಂದಿನ ವರ್ಷ ಜುಲೈನಲ್ಲಿ ಎಡ್ಮಂಟನ್‌ನ ಸ್ವಾಮಿನಾರಾಯಣ ಮಂದಿರದ ಗೋಡೆಗೆ ಬಣ್ಣ ಎರಚಿ ಬರೆದ ಬರಹದಲ್ಲಿ ಮೋದಿಯವರ ಹೆಸರಿನ ಜೊತೆ ಆರ್ಯರ ಹೆಸರೂ ಇತ್ತು. ಪನ್ನುನ್ ಈ ಸಲ ನೇರವಾಗಿ ಅವರಿಗೇ, ನಿಮ್ಮ ದೇಶಕ್ಕೆ ಹೋಗಿ ಅಂದ. ನಾವೆಲ್ಲ ಎಲ್ಲೆಲ್ಲಿಂದಲೋ ಬಂದವರು, ಈಗ ಕೆನಡಾವೇ ನಮ್ಮ ನಾಡು ಅನ್ನೋದು ಆರ್ಯರ ಉತ್ತರದ ತಿರುಳು.

ಕನಿಷ್ಕ ವಿಮಾನದ ನೆನಪಿದೆಯಲ್ಲ? 1985ರ ಜೂನ್ 23. ಕೆನಡಾದಿಂದ ಹೊರಟ ಏರ್ ಇಂಡಿಯಾ ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತರು, ಹೆಚ್ಚಿನವರು ಕೆನಡಾದ ಪ್ರಜೆಗಳೇ. ಆ ದಿನವನ್ನ ಆರ್ಯ ಸದನದಲ್ಲಿ ನೆನಪಿಸುತ್ತಲೇ ಇದ್ದರು. ಅದೇ ಸದನ 2024ರ ಜೂನ್ 18ಕ್ಕೆ ನಿಜ್ಜರ್‌ಗಾಗಿ ಎದ್ದು ನಿಂತು ಮೌನ ಆಚರಿಸಿತ್ತು. ಇದು ನನಗೆ ಇವತ್ತಿಗೂ ಅರ್ಥವಾಗದ ಮೌನ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು, ಇಲ್ಲಾಂದ್ರೆ ಇದು ಅಭಿಮಾನಿ ಸಂಘದ ಕರಪತ್ರ ಆಗಿಬಿಡುತ್ತೆ. 2024ರ ಡಿಸೆಂಬರ್‌ನಲ್ಲಿ ಅವರದೇ ಪಕ್ಷದ ಸಂಸದ ಸುಖ್ ಧಾಲಿವಾಲ್ 1984ರ ಸಿಖ್ಖರ ಹತ್ಯೆಗಳನ್ನ ನರಮೇಧ ಅಂತ ಸದನ ಘೋಷಿಸಬೇಕು ಅಂತ ಸರ್ವಾನುಮತ ಕೇಳಿದರು. ಸರ್ವಾನುಮತ ಅಂದ್ರೆ ಒಬ್ಬ 'ಇಲ್ಲ' ಅಂದ್ರೂ ಮುಗೀತು. ಆ ಒಬ್ಬರು ಆರ್ಯ. ಆಮೇಲೆ ಸದನದ ಒಳಗೇ ಇನ್ನೊಬ್ಬ ಸಂಸದ ತಮ್ಮನ್ನ ಬೆದರಿಸಿದರು ಅಂತ ದೂರಿದರು. ನರಮೇಧ ಅನ್ನೋ ಪದಕ್ಕೆ ಕಾನೂನಿನಲ್ಲಿ ಒಂದು ಅಳತೆ ಇದೆ, ಖಲಿಸ್ತಾನಿ ರಾಜಕಾರಣ ಆ ಪದವನ್ನ ಬಳಸಿಕೊಳ್ಳುತ್ತೆ ಅನ್ನೋದು ಅವರ ಆತಂಕ. ಆತಂಕ ಸರಿಯೇ ಇರಬಹುದು. ಆದರೆ ದೆಹಲಿಯೊಂದರಲ್ಲೇ ಸರ್ಕಾರಿ ಲೆಕ್ಕದ ಪ್ರಕಾರ 2,733 ಜನರನ್ನ ಕೊಂದ ಆ ದಿನಗಳ ಬಗ್ಗೆ ಕೆನಡಾದ ಸಿಖ್ ಮನೆಯ ಅಜ್ಜಿಯೊಬ್ಬಳು ಏನು ಅಂದುಕೊಂಡಿರಬಹುದು? ಆಕೆ ಖಲಿಸ್ತಾನಿ ಆಗಿರಬೇಕಿಲ್ಲ.

ಅದಕ್ಕೂ ಮೊದಲು, 2024ರ ಆಗಸ್ಟ್‌ನಲ್ಲಿ, ಆರ್ಯ ದೆಹಲಿಗೆ ಬಂದು ಪ್ರಧಾನಿ ನರೇಂದ್ರ ಮೋದಿಯವರನ್ನ ಭೇಟಿಯಾದರು. ಎರಡು ದೇಶಗಳ ಸಂಬಂಧ ಪೂರ್ತಿ ಹಳಸಿದ್ದ ಸಮಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಆರಾರು ರಾಜತಾಂತ್ರಿಕರನ್ನ ಹೊರಹಾಕಿದ್ದರು ಅಂದ್ರೆ ಊಹಿಸಿ. ಕೆನಡಾದ ವಿದೇಶಾಂಗ ಇಲಾಖೆ, ಅವರು ಹೋಗಿದ್ದು ಅವರ ಸ್ವಂತ ಇಚ್ಛೆಯಿಂದ ಅಂತ ಹೇಳಿ ಕೈತೊಳ್ಕೊಂಡಿತು. ಆಳುವ ಪಕ್ಷದ ಸಂಸದನೊಬ್ಬ ಅಂಥ ಹೊತ್ತಿನಲ್ಲಿ ಸರ್ಕಾರವನ್ನ ಪಕ್ಕಕ್ಕಿಟ್ಟು ಹೋಗಿದ್ದು ಜಾಣತನ ಅಂತ ನನಗನ್ನಿಸಲ್ಲ. ತಪ್ಪು ಲೆಕ್ಕಾಚಾರ ಬೇರೆ, ದ್ರೋಹ ಬೇರೆ. ಆದರೆ ರಾಜಕಾರಣದಲ್ಲಿ ಇವೆರಡರ ನಡುವಿನ ಗೆರೆ ಅಳಿಸೋದು ಬಹಳ ಸುಲಭ, ವಲಸೆ ಬಂದವನ ವಿಷಯದಲ್ಲಂತೂ ಇನ್ನೂ ಸುಲಭ.

2025ರ ಜನವರಿ 6ಕ್ಕೆ ಟ್ರುಡೋ ರಾಜೀನಾಮೆ ಘೋಷಿಸಿದರು. ಮೂರೇ ದಿನಕ್ಕೆ ಆರ್ಯ, ಪಕ್ಷದ ನಾಯಕತ್ವಕ್ಕೆ ನಾನೂ ಸ್ಪರ್ಧಿ ಅಂದರು. ಬ್ರಿಟನ್ ರಾಜನನ್ನ ಬಿಟ್ಟು ಕೆನಡಾ ಗಣರಾಜ್ಯ ಆಗಬೇಕು, ನಿವೃತ್ತಿ ವಯಸ್ಸು ಎರಡು ವರ್ಷ ಏರಿಸಬೇಕು ಅಂತೆಲ್ಲ ಭರವಸೆ. ಫ್ರೆಂಚ್ ಬರುತ್ತಾ ಅಂತ ಟೀವಿಯಲ್ಲಿ ಕೇಳಿದರೆ, ಇಲ್ಲ, ಅದು ಮುಖ್ಯವೂ ಅಲ್ಲ ಅನ್ನೋ ಧಾಟಿಯ ಉತ್ತರ. ಇದನ್ನ ಓದಿದಾಗ ನನಗೆ ನಗು ಬಂತು, ಸ್ವಲ್ಪ ಬೇಜಾರೂ ಆಯ್ತು. ಸಂಸತ್ತಿನಲ್ಲಿ ಕನ್ನಡ ಮಾತಾಡಿದ ಮನುಷ್ಯ! ಬೆಂಗಳೂರಿನಲ್ಲಿ ಯಾರೋ ಕನ್ನಡ ಬರಲ್ಲ, ಅದು ಮುಖ್ಯವೂ ಅಲ್ಲ ಅಂದ್ರೆ ನಾವು ಸುಮ್ನೆ ಇರ್ತೀವಾ? ಕ್ವಿಬೆಕ್‌ನ ಜನಕ್ಕೆ ಫ್ರೆಂಚ್ ಅಂದ್ರೆ ಅಷ್ಟೇ ಜೀವ.

ಆ ತಿಂಗಳ ಕೊನೆಯಲ್ಲೇ ಪಕ್ಷ ಅವರನ್ನ ನಾಯಕತ್ವದ ಓಟದಿಂದ ಹೊರಗಿಟ್ಟಿತು. ಮಾರ್ಚ್ 20ಕ್ಕೆ ಇನ್ನೊಂದು ಪತ್ರ: ನೇಪಿಯನ್‌ನಲ್ಲಿ ನಿಮ್ಮ ಟಿಕೆಟ್ ರದ್ದು. ಕೆನಡಾದಲ್ಲೂ ಪಕ್ಷದ ನಾಯಕನ ಒಪ್ಪಿಗೆ ಇಲ್ಲದೆ ಅಭ್ಯರ್ಥಿ ಪಕ್ಷದ ಹೆಸರಲ್ಲಿ ನಿಲ್ಲೋ ಹಾಗಿಲ್ಲ, ನಮ್ಮ ಬಿ ಫಾರಂ ಇದ್ದ ಹಾಗೆ. ಕಾರಣ? ಹೊಸ ಮಾಹಿತಿ ಬಂದಿದೆ ಅನ್ನೋದಷ್ಟೇ. ಏನು ಮಾಹಿತಿ, ಯಾರು ಕೊಟ್ಟರು, ಹೇಳಲಿಲ್ಲ. ಎರಡೇ ದಿನಕ್ಕೆ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಅದೇ ನೇಪಿಯನ್‌ನಿಂದ ತಾವೇ ನಿಲ್ಲೋದಾಗಿ ಪ್ರಕಟಿಸಿದರು. ಆಮೇಲೆ 'ದಿ ಗ್ಲೋಬ್ ಅಂಡ್ ಮೇಲ್' ಪತ್ರಿಕೆ ಮೂಲಗಳನ್ನ ಆಧರಿಸಿ ಬರೆಯಿತು: ಭಾರತ ಸರ್ಕಾರದ ಜೊತೆ, ಒಟ್ಟಾವಾದ ಹೈಕಮಿಷನ್ ಜೊತೆ ಆರ್ಯರಿಗೆ ನಿಕಟ ನಂಟಿದೆ ಅಂತ ಗುಪ್ತಚರ ಸಂಸ್ಥೆ ಸರ್ಕಾರಕ್ಕೆ ತಿಳಿಸಿತ್ತು. ಆರ್ಯ ನಿರಾಕರಿಸಿದರು. ಸಂಸದನಾಗಿ ಎಷ್ಟೋ ರಾಜತಾಂತ್ರಿಕರನ್ನ ಭೇಟಿಯಾಗಿದ್ದೀನಿ, ಯಾವತ್ತೂ ಸರ್ಕಾರದ ಅನುಮತಿ ಕೇಳಬೇಕಾಗಿ ಬಂದಿರಲಿಲ್ಲ, ಹಿಂದೂಗಳ ಪರವಾಗಿ, ಖಲಿಸ್ತಾನಿಗಳ ವಿರುದ್ಧ ಮಾತಾಡಿದ್ದೇ ಕಾರಣ ಅಂದರು.

ಈಗ ನಮ್ಮ ನೆಲಕ್ಕೆ ಬರೋಣ. ಯಾಕಂದ್ರೆ ಹೊರಗಿನಿಂದ ಬಂದವನ ಮೇಲೆ ಹೊರಗಿನವರ ಜೊತೆ ಸಂಬಂಧದ ಆರೋಪ ಹೊರಿಸಿ ಮುಗಿಸೋದನ್ನ ಈ ಸೀಮೆ ಐನೂರು ವರ್ಷಗಳ ಹಿಂದೆಯೇ ನೋಡಿದೆ. ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಬೀದರಿನ ಬಹಮನಿ ರಾಜ್ಯದ ಪ್ರಧಾನಿಯಾದ. ಅವನು ಕಟ್ಟಿಸಿದ ಮದರಸಾ ಇವತ್ತಿಗೂ ಬೀದರಿನಲ್ಲಿ ಅರ್ಧ ಮುರಿದು ನಿಂತಿದೆ. ದರ್ಬಾರಿನಲ್ಲಿ ಆಗ ಎರಡು ಬಣ: ಇಲ್ಲೇ ಬೇರುಬಿಟ್ಟ ದಖ್ಖನಿಗಳು, ಸಮುದ್ರ ದಾಟಿ ಬಂದ ಆಫಾಕಿಗಳು. ಗವಾನ್‌ನ ವಿರೋಧಿಗಳು ಅವನ ಮುದ್ರೆ ಒತ್ತಿಸಿ ಒಡಿಶಾದ ರಾಜನಿಗೆ, ದಂಡೆತ್ತಿ ಬಾ ಅಂತ ಕರೆಯುವ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯನ್ನೇ ಮಾಡದೆ 1481ರಲ್ಲಿ ಮುದುಕನ ತಲೆ ತೆಗೆಸಿದ. ಆಮೇಲೆ ಬಹಮನಿ ರಾಜ್ಯ ಹೋಳಾಯ್ತು. ಗವಾನ್‌ನ ನೆರಳಲ್ಲಿ ಬೆಳೆದ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ತನ್ನದೇ ರಾಜ್ಯ ಕಟ್ಟಿದ. ಜಗಳ ಅಲ್ಲೂ ಬಂತು. ಮೊದಲನೇ ಇಬ್ರಾಹಿಂ ಆದಿಲ್ ಶಾಹ ಆಫಾಕಿಗಳನ್ನ ಕೆಲಸದಿಂದ ತೆಗೆದು ದಖ್ಖನಿಗಳಿಗೆ ಕೊಟ್ಟ, ಮಗ ಅಲಿ ಬಂದು ಅದನ್ನ ತಿರುಗಿಸಿದ.

ಆರ್ಯರ ಮೇಲಿನ ವರದಿ ಗವಾನ್‌ನ ಪತ್ರದ ಹಾಗೆ ಖೊಟ್ಟಿ ಅಂತ ನಾನು ಹೇಳ್ತಿಲ್ಲ. ಕಾಗದ ಏನಿದೆ ಅಂತ ಆರೋಪಿಗೂ ತೋರಿಸಲ್ಲ, ಅವನನ್ನ ಆರಿಸಿದ ಜನಕ್ಕೂ ತೋರಿಸಲ್ಲ ಅನ್ನೋದರ ಬಗ್ಗೆ ನನ್ನ ತಕರಾರು. ಅದೇ ಜನವರಿಯಲ್ಲಿ, ವಿದೇಶಿ ಹಸ್ತಕ್ಷೇಪದ ತನಿಖೆ ನಡೆಸಿದ ನ್ಯಾಯಮೂರ್ತಿ ಮೇರಿ ಜೋಸೆ ಹೋಗ್ ಅವರ ಆಯೋಗ, ಸಂಸತ್ತಿನಲ್ಲಿ ದ್ರೋಹಿಗಳು ಇದ್ದಾರೆ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಅಂತಿಮ ವರದಿ ಕೊಟ್ಟಿತ್ತು.

ಹಾಗಾದ್ರೆ ವಲಸಿಗ ರಾಜಕಾರಣಿಗೆ ಈ ಪ್ರಶ್ನೆ ಕೇಳಲೇಬಾರದಾ? ಕೇಳಿ ಸ್ವಾಮಿ, ಬಯಲಲ್ಲಿ ಕೇಳಿ. ನಾವು ಕೇಳಿದ್ದೀವಿ. 1999ರ ಬಳ್ಳಾರಿ. ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿ ನಾಮಪತ್ರ ಹಾಕಿದರು, ಬಿಜೆಪಿ ಸುಷ್ಮಾ ಸ್ವರಾಜ್ ಅವರನ್ನ ಇಳಿಸಿತು. ವಿದೇಶಿ ಸೊಸೆ, ಸ್ವದೇಶಿ ಮಗಳು ಅಂತ ಊರೂರಲ್ಲಿ ಭಾಷಣ. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಜನರ ಮನಸ್ಸು ಗೆದ್ದರು. ಅದೇ ವರ್ಷ ಇದೇ ಪ್ರಶ್ನೆ ಎತ್ತಿ ಶರದ್ ಪವಾರ್ ಕಾಂಗ್ರೆಸ್‌ನಿಂದ ಉಚ್ಚಾಟಿತರಾಗಿ ಬೇರೆ ಪಕ್ಷ ಕಟ್ಟಿದ್ದರು. ಎಲ್ಲ ಕೇಳಿಸಿಕೊಂಡ ಬಳ್ಳಾರಿ ಮತದಾರ ಸೋನಿಯಾ ಅವರನ್ನ 56,100 ಮತಗಳಿಂದ ಗೆಲ್ಲಿಸಿದ. ಆ ತೀರ್ಪು ನಿಮಗೆ ಹಿಡಿಸಲಿ ಬಿಡಲಿ, ಕೊಟ್ಟವನು ಮತದಾರ. ನೇಪಿಯನ್‌ನವರಿಗೆ ಆರ್ಯರ ವಿಷಯದಲ್ಲಿ ಆ ಅವಕಾಶವೇ ಸಿಗಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೋ ಪುಣೆಗೋ ಮುಂಬೈಗೋ ದುಡಿಯೋಕೆ ಹೋದವರು ಪ್ರತಿ ಊರಲ್ಲೂ ಇದ್ದಾರೆ. ಗೋವಾದ ರಸ್ತೆ, ಕಟ್ಟಡ, ಬಂದರಿನ ಕೆಲಸದಲ್ಲಿ ಇವರ ಬೆವರಿದೆ. ಅಲ್ಲಿ ಇವರನ್ನ 'ಘಾಟಿ' ಅಂತ ಕರೆಯೋರಿದ್ದಾರೆ, ಅದು ಹೊಗಳಿಕೆ ಅಲ್ಲ. ವಾಸ್ಕೋದ ಬೈನಾ ಸಮುದ್ರ ದಂಡೆಯಲ್ಲಿ ಕನ್ನಡಿಗರ ಮನೆಗಳ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಜೆಸಿಬಿ ಹರಿದಾಗ, ಬೀದಿಗೆ ಬಿದ್ದವರಲ್ಲಿ ಎಷ್ಟೋ ವರ್ಷದಿಂದ ಅಲ್ಲೇ ಬದುಕಿದವರಿದ್ದರು. 'ನೀವು ಯಾವೂರಾವ್ರು?' ಅನ್ನೋ ಪ್ರಶ್ನೆ ಊರಿನ ಕಟ್ಟೆ ಮೇಲೆ ಪ್ರೀತಿಯಿಂದ ಕೇಳಿದರೆ ಒಂದು ಥರ, ಹೋದ ಊರಿನ ಕಚೇರಿಯಲ್ಲಿ ಕೇಳಿದರೆ ಇನ್ನೊಂದು ಥರ. ದುಡಿಯೋಕೆ ಬಂದಾಗ ಯಾರೂ ಕೇಳಲ್ಲ. ರೇಷನ್ ಕಾರ್ಡು, ಓಟು, ಮನೆಪಟ್ಟಾ, ಹೀಗೆ ಪಾಲು ಕೇಳಿದ ದಿನ ಕೇಳ್ತಾರೆ. ಆರ್ಯರಿಗೂ ಮೂರು ಚುನಾವಣೆ ಗೆಲ್ಲೋವರೆಗೆ ಯಾರೂ ಕೇಳಿರಲಿಲ್ಲ.

2025ರ ಏಪ್ರಿಲ್ 28ರಂದು ಮತದಾನ ನಡೀತು, ನೇಪಿಯನ್‌ನಲ್ಲಿ ಕಾರ್ನಿ ಗೆದ್ದರು. ಜೂನ್‌ನಲ್ಲಿ ಕೆನಡಾದ ಕನನಾಸ್ಕಿಸ್‌ನಲ್ಲಿ ಜಿ7 ಶೃಂಗಸಭೆ. ಆತಿಥೇಯ ಕಾರ್ನಿ ಖುದ್ದಾಗಿ ಫೋನ್ ಮಾಡಿ ಮೋದಿಯವರನ್ನ ಕರೆದರು. ಜೂನ್ 17ರಂದು ಇಬ್ಬರೂ ಕೈಕುಲುಕಿ, ಹೈಕಮಿಷನರ್‌ಗಳನ್ನ ಮತ್ತೆ ನೇಮಿಸೋದಕ್ಕೆ ಒಪ್ಪಿದರು. ಆ ಹೊತ್ತಿಗೆ ಆರ್ಯರ ಟಿಕೆಟ್ ರದ್ದಾಗಿ ಮೂರು ತಿಂಗಳೂ ತುಂಬಿರಲಿಲ್ಲ.