ಶಂಟಿಂಗ್ ಎಂಜಿನ್ ಉಳೀತು, ದುಡಿದೋರ ಹೆಸರು?

ಮೈಸೂರಿನ ರೈಲು ಮ್ಯೂಸಿಯಂ ಶುರುವಾಗಿದ್ದು 1979ರಲ್ಲಿ. ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸ್ಕೋತಾರೆ. ಹಳೇ ಟ್ಯಾಂಕ್ ಎಂಜಿನ್ನುಗಳ ಹತ್ರ ಜಾಸ್ತಿ ಹೊತ್ತು ನಿಲ್ಲೋರು ಕಮ್ಮಿ. ನಾನು ಹೇಳ್ಬೇಕಿರೋದು ಆ ಜಾತಿಯ ಎಂಜಿನ್ನಿನ ಕಥೆ.

ದೂರ ಓಡೋ ಎಂಜಿನ್ನಿಗೆ ನೀರು, ಕಲ್ಲಿದ್ದಲು ಹೊರೋಕೆ ಹಿಂದೆ ಬೇರೆ ಗಾಡಿ ಬೇಕು. ಟ್ಯಾಂಕ್ ಎಂಜಿನ್ನಿಗೆ ಬೇಡ. ನೀರಿನ ತೊಟ್ಟಿ ಸಾಮಾನ್ಯವಾಗಿ ಬಾಯ್ಲರಿನ ಎರಡು ಪಕ್ಕದಲ್ಲಿ, ಕಲ್ಲಿದ್ದಲು ಡ್ರೈವರ್ ಬೆನ್ನ ಹಿಂದೆ. ನೀರಿನ ಭಾರ ಚಕ್ರದ ಮೇಲೇ ಬೀಳೋದ್ರಿಂದ ಹಳಿ ಮೇಲೆ ಹಿಡಿತ ಸಿಗುತ್ತೆ. ಶಂಟಿಂಗಿಗೆ ಅಂತಲೇ ಮಾಡಿದ್ದಕ್ಕೆ ಚಕ್ರ ಚಿಕ್ಕವು: ವೇಗ ಕಮ್ಮಿ, ಎಳೆಯೋ ಬಲ ಜಾಸ್ತಿ. ಹಿಂದೆ ಮುಂದೆ ಎರಡು ಕಡೆಗೂ ಸಲೀಸಾಗಿ ಓಡುತ್ತೆ. ಯಾರ್ಡಿನಲ್ಲಿ ವ್ಯಾಗನ್ ಬಿಡಿಸಿ, ಜೋಡಿಸಿ, ರೈಲು ಕಟ್ಟೋದೇ ಅದರ ಕೆಲಸ. ಆಮೇಲೆ ಹೆಸರು ಮಾಡೋದು ಊರೂರು ಸುತ್ತೋ ದೊಡ್ಡ ಎಂಜಿನ್ನು!

ಈ ಎಂಜಿನ್ ಒಂದೇ ಏನೂ ಮಾಡಲ್ಲ. ಬೆಂಕಿ ಮುಂದೆ ಬೆಂದು ಕಲ್ಲಿದ್ದಲು ಎಸೆಯೋ ಫೈರ್‌ಮನ್, ಬೂದಿ ಬಾಚೋ ಖಲಾಸಿ, ಎರಡು ವ್ಯಾಗನ್ ನಡುವೆ ನುಗ್ಗಿ ಕೊಂಡಿ ಹಾಕೋ ಪಾಯಿಂಟ್ಸ್‌ಮನ್ ಬೇಕು. ಕೈಸನ್ನೆ ಒಂದು ತಪ್ಪಿದ್ರೆ ಹೋಗೋದು ಪ್ರಾಣ.

ಈ ಕೆಲಸಗಳಲ್ಲಿ ಯಾರಿಗೆ ಯಾವುದು ಅಂತ ತೀರ್ಮಾನ ಮಾಡ್ತಿದ್ದದ್ದು ಏನು? 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಜಿಐಪಿ ರೈಲ್ವೆಯ ಅಸ್ಪೃಶ್ಯ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಇದನ್ನ ಬಿಡಿಸಿ ಹೇಳಿದ್ರು. ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗೇ ಮುಗೀತಾನೆ. ಪೋರ್ಟರ್ ಕೂಡ ಆಗೋ ಹಂಗಿಲ್ಲ, ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ಟರ್ ಮನೆಕೆಲಸಾನೂ ಮಾಡ್ಬೇಕು, ಮುಟ್ಟಿದ್ರೆ ಮೈಲಿಗೆ. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್, ಆಫೀಸಿನಲ್ಲಿ ಗುಮಾಸ್ತ ಆಗೋ ದಾರಿಗಳೂ ಬಂದ್. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾರ್ಮಿಕರ ಶತ್ರುಗಳು ಅಂತ ಅವರು ಸಾರಿದ್ದು ಅಲ್ಲೇ. ಉಗಿ ಎಂಜಿನ್ ಇಂಗ್ಲೆಂಡಿಂದ ಬಂತು, ಅದರ ಸುತ್ತಲ ಕೆಲಸದ ಮೆಟ್ಟಿಲು ಮಾತ್ರ ನಮ್ಮ ಊರುಕೇರಿಯದ್ದೇ.

ಮೈಸೂರು, ಹೊಳೆನರಸೀಪುರ, ಹಾಸನ, ಅರಸೀಕೆರೆ ಲೈನು ಹಾಕಿದ್ದು ಸಂಸ್ಥಾನದ ಕಾಲದಲ್ಲಿ. ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಮಾಡಿಯೂ ದಶಕಗಳಾದ್ವು. ಆ ಹಳಿಗೆ ಜಲ್ಲಿ ಹೊತ್ತೋರು, ಎಂಜಿನ್ನಿನ ಬೂದಿ ಬಾಚಿದೋರು ಯಾರು? ಎಂಜಿನ್ ಮಾಡಿದ ಕಂಪನಿ ಹೆಸರು ತಗಡಿನ ಮೇಲೆ ಅಚ್ಚಾಗಿರುತ್ತೆ. ದುಡಿದೋರ ಹೆಸರು ಇದ್ರೆ ಹಾಜರಿ ಪುಸ್ತಕದಲ್ಲಿ, ಸರ್ವಿಸ್ ರಿಜಿಸ್ಟರಿನಲ್ಲಿ. ಹಳೇ ಕಾಗದ ರದ್ದಿಗೆ ಹೋದ್ರೆ ಆ ಹೆಸರೂ ಹೋಯ್ತು.

ಅದಕ್ಕೇ ಕೇಳೋದು: ಮ್ಯೂಸಿಯಂನಲ್ಲಿ ಕಬ್ಬಿಣದ ಜೊತೆ ಆ ಪುಸ್ತಕಗಳನ್ನೂ ಇಡಿ. ಗೆಳೆಯರೇ, ಶೆಟ್ಟಿಹಳ್ಳಿಯಿಂದ ಅರಸೀಕೆರೆವರೆಗೆ ನಿಮ್ಮ ಕೇರಿಯಲ್ಲಿ ರೈಲ್ವೇಲಿ ದುಡಿದ ಹಿರಿಯರು ಇದ್ರೆ ಈ ವಾರವೇ ಹೋಗಿ ಕೂತು ಮಾತಾಡ್ಸಿ. ಹೆಸರು, ಕೆಲಸ, ಬಡ್ತಿ ಸಿಕ್ತೋ ಇಲ್ವೋ, ಇಷ್ಟನ್ನ ಬರ್ಕೊಳ್ಳಿ.

ಜೈ ಭೀಮ್.